ಪೋಸ್ಟ್‌ಡಾಕ್ ಅರ್ಜಿಗೆ ಎಂಟು ಸಾವಿರ ಕೊಟ್ಟೆ: ಐದಕ್ಕೆ ಒಂದೇ ಸ್ಟಾರ್

ಮೈಸೂರಿನ ಸರಸ್ವತಿಪುರಂನ ಒಂದು ಕನ್ಸಲ್ಟೆನ್ಸಿ. ಹೆಸರು ಬೇಡ ಬಿಡಿ. ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲೆ ಮಾಡುವ ಸಂಶೋಧನೆ ಕೆಲಸ) ಹುಡುಕಿ ಅರ್ಜಿ ಹಾಕಿಕೊಡ್ತೀವಿ ಅಂತ ಎಂಟು ಸಾವಿರ ತೆಗೆದುಕೊಂಡರು. ನನ್ನ ಪಿಎಚ್‌ಡಿ ರಾಗಿ ಪಿಷ್ಟದ ಮೇಲೆ. ಇವರು ಒಂದೇ ಪತ್ರವನ್ನು ನಲವತ್ತು ಪ್ರೊಫೆಸರ್‌ಗಳಿಗೆ ಕಳಿಸಿದ್ದಾರೆ, ಅದರಲ್ಲಿ ಉಕ್ಕಿನ ಮೇಲೆ ಕೆಲಸ ಮಾಡುವವರೂ ಇದ್ದರು, ಹೆಂಗಸರಿಗೂ 'ಡಿಯರ್ ಸರ್' ಅಂತಲೇ ಹೋಗಿದೆ! ಉತ್ತರ ಬಂದಿದ್ದು ಒಂದು. ಅದೂ 'ನೀವು ನನ್ನ ಪೇಪರ್ ಓದಿಲ್ಲ' ಅಂತ.

ಆಮೇಲೆ ಮೈಸೂರು ಯೂನಿವರ್ಸಿಟಿಯ ಗಂಗೋತ್ರಿ ಕ್ಯಾಂಪಸ್‌ನ ಸೀನಿಯರ್ ಅಕ್ಕ ಒಬ್ಬರು ಕುಕ್ಕರಹಳ್ಳಿ ಕೆರೆ ಸುತ್ತುತ್ತಾ ಅರ್ಧ ಗಂಟೆಯಲ್ಲಿ ಹೇಳಿಕೊಟ್ಟರು, ಪುಕ್ಕಟೆ. ಯುರೋಪಿನ ಇಂಥ ಕೆಲಸಗಳು ಬಹಳಷ್ಟು ಯೂರಾಕ್ಸೆಸ್ ಅನ್ನೋ ವೆಬ್‌ಸೈಟ್‌ನಲ್ಲಿ ಸಿಗುತ್ತವೆ, ನೋಡಲು ಕಾಸು ಬೇಡ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗಾದರೆ, ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ನಿಮ್ಮನ್ನು ಕರೆಸಿಕೊಳ್ಳುವ ಪ್ರೊಫೆಸರ್ ಒಬ್ಬರು ಮೊದಲೇ ಒಪ್ಪಿರಬೇಕು. ಹಾಗಾಗಿ ಪ್ರೊಫೆಸರ್‌ಗೆ ಮೇಲ್ ಬರೆಯೋದೇ ನಿಜವಾದ ಕೆಲಸ, ಅಲ್ವಾ? ಅವರ ಎರಡು ಪೇಪರ್ ಓದಿ, ನಿಮ್ಮ ಪ್ರಶ್ನೆ ಅದಕ್ಕೆ ಎಲ್ಲಿ ಸೇರುತ್ತದೆ ಅಂತ ಹತ್ತು ಸಾಲಿನಲ್ಲಿ ಬರೆಯಿರಿ, ಸಿವಿ ಜೊತೆಗಿರಲಿ. ಶಿಫಾರಸು ಪತ್ರ ಕೊಡುವ ಗೈಡ್‌ಗೆ ತಿಂಗಳ ಮುಂಚೆ ಹೇಳಿ, ಕೊನೆ ದಿನ ಕೇಳಿದರೆ ಸಿಟ್ಟಾಗ್ತಾರೆ.

ನಾನು ಹಾಗೆ ಆರು ಮೇಲ್ ಬರೆದೆ. ಮೂರಕ್ಕೆ ಉತ್ತರ ಬಂತು, ಒಬ್ಬರು ಜ಼ೂಮ್‌ನಲ್ಲಿ ಮಾತಾಡೋಣ ಅಂದಿದ್ದಾರೆ.

ಒಂದು ಸ್ಟಾರ್ ಯಾಕೆ ಅಂದರೆ, ಸಿವಿಯಲ್ಲಿ ಇದ್ದ ಸ್ಪೆಲಿಂಗ್ ತಪ್ಪು ಸರಿ ಮಾಡಿಕೊಟ್ಟರು. ದುಡ್ಡು ವಾಪಸ್ ಕೇಳಿದ್ದೇನೆ, ಇನ್ನೂ 'ನಾಳೆ ಬನ್ನಿ ಸಾರ್' ಅಂತಿದ್ದಾರೆ.