ಕೋಟೆಯ ಕಲ್ಲಿಗೆ ಯಾವ ಫಿಲ್ಮ್? ಪ್ಯಾನ್ ಎಫ್, ಡೆಲ್ಟಾ, ಟಿ-ಮ್ಯಾಕ್ಸ್, ಅಕ್ರೋಸ್

ಚಿತ್ರದುರ್ಗದ ಕೋಟೆಯಲ್ಲಿ ಹತ್ತು ಗಂಟೆ ದಾಟಿತೆಂದರೆ ಬಿಸಿಲು ಬಿದ್ದ ಬಂಡೆಗೂ ಬಾಗಿಲೊಳಗಿನ ನೆರಳಿಗೂ ಆರೇಳು ಸ್ಟಾಪ್ (ಒಂದೊಂದು ಸ್ಟಾಪಿಗೆ ಬೆಳಕು ಇಮ್ಮಡಿ) ಅಂತರ. ಸಣ್ಣ ಗ್ರೇನ್ (ಚಿತ್ರದಲ್ಲಿ ಕಾಣುವ ಬೆಳ್ಳಿಯ ಕಾಳು) ಬೇಕೆನ್ನುವವರು ಸಾಮಾನ್ಯವಾಗಿ ಡಬ್ಬಿಯ ಮೇಲಿನ ಐಎಸ್‌ಒ (ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಅಳತೆ) ನೋಡುತ್ತಾರೆ, ಕಡಿಮೆ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಕಪ್ಪು-ಬಿಳುಪಿನಲ್ಲಿ ಆ ಲೆಕ್ಕ ಪೂರ್ತಿ ಸರಿಯಲ್ಲ. ಏಳುಸುತ್ತಿನ ಕೋಟೆಯ ಬಿಸಿಲಲ್ಲಂತೂ ಕೈಕೊಡುತ್ತದೆ.

ಹೋಲಿಸಿದ್ದು ನಾಲ್ಕು ಫಿಲ್ಮ್: ಇಲ್ಫೋರ್ಡ್ ಪ್ಯಾನ್ ಎಫ್ ಪ್ಲಸ್ 50, ಇಲ್ಫೋರ್ಡ್ ಡೆಲ್ಟಾ 100, ಕೊಡಾಕ್ ಟಿ-ಮ್ಯಾಕ್ಸ್ 100, ಫ್ಯೂಜಿ ಅಕ್ರೋಸ್ 100 (ಈಗ ಸಿಗುವ ಎರಡನೆಯ ಆವೃತ್ತಿ). ಎಲ್ಲವೂ 35 ಮಿ.ಮೀ., ಅದೇ 50 ಮಿ.ಮೀ. ಲೆನ್ಸ್, ಎಫ್/8, ಟ್ರೈಪಾಡ್. ಚೌಕಟ್ಟಿನೊಳಗೆ ಕಲ್ಲುಹೂವು ಹತ್ತಿದ ಬಂಡೆ, ಬಾಗಿಲ ನೆರಳು, ಒಂದು ತುಂಡು ಆಕಾಶ.

8×12 ಇಂಚಿನ ಪ್ರಿಂಟಿನಲ್ಲಿ ಈ ನಾಲ್ಕರ ಗ್ರೇನ್ ವ್ಯತ್ಯಾಸ ಕೈಯಳತೆಯ ದೂರದಿಂದ ಕಾಣುವುದಿಲ್ಲ. 12×18ಕ್ಕೆ ಹೋದಾಗ, ಅದೂ ಆಕಾಶದ ಭಾಗದಲ್ಲಿ, ಬೇರೆಯಾಗತೊಡಗುತ್ತದೆ. ಅಲ್ಲಿ ಅಕ್ರೋಸ್ ಮತ್ತು ಟಿ-ಮ್ಯಾಕ್ಸ್ ಮುಂದೆ, ಡೆಲ್ಟಾ ಅವುಗಳ ಬೆನ್ನಿಗೆ. ಅರ್ಧ ವೇಗದ ಪ್ಯಾನ್ ಎಫ್ ಇವುಗಳನ್ನು ಹಿಂದೆ ಹಾಕುವುದಿಲ್ಲ. ಟಿ-ಮ್ಯಾಕ್ಸ್, ಡೆಲ್ಟಾಗಳಲ್ಲಿ ಬೆಳ್ಳಿಯ ಹರಳು ಚಪ್ಪಟೆ, ಅಕ್ಕಿಕಾಳಿನ ಬದಲು ಅವಲಕ್ಕಿ ಹರಡಿದ ಹಾಗೆ. ಕಡಿಮೆ ಬೆಳ್ಳಿಯಲ್ಲೇ ಹೆಚ್ಚು ಬೆಳಕು ಹಿಡಿಯುತ್ತವೆ. ಪ್ಯಾನ್ ಎಫ್‌ನದು ಹಳೆಯ ಪದ್ಧತಿಯ ಹರಳು. ತಯಾರಕರ ತಾಂತ್ರಿಕ ಪುಟದಲ್ಲಿ ಟಿ-ಮ್ಯಾಕ್ಸ್‌ನ ಗ್ರೇನ್ ಅಂಕಿ (ಕಡಿಮೆ ಇದ್ದಷ್ಟೂ ನಯ) 8, ಮೊದಲ ಅಕ್ರೋಸ್‌ನದು 7.

ಪ್ಯಾನ್ ಎಫ್‌ನ ನಿಜವಾದ ತೊಂದರೆ ಗ್ರೇನ್ ಅಲ್ಲ, ಕಾಂಟ್ರಾಸ್ಟ್. ಬಾಗಿಲ ನೆರಳಿನಲ್ಲಿ ಕಲ್ಲಿನ ಗೆರೆ ಉಳಿಯುವುದಿಲ್ಲ, ಬರೀ ಕಪ್ಪು. ಬೆಳಕಳೆಯುವ ಮೀಟರನ್ನು 50ರ ಬದಲು ಐಎಸ್‌ಒ 25ಕ್ಕೆ ಇಟ್ಟು ಡೆವಲಪಿಂಗ್ ಸಮಯವನ್ನು ಶೇ. 15-20 ಇಳಿಸಿದರೆ ನೆರಳು ಬಾಯಿಬಿಡುತ್ತದೆ. ಆದರೆ ಆಗ ಬಿಸಿಲಲ್ಲೂ ಎಫ್/8ಕ್ಕೆ 1/100 ಸೆಕೆಂಡ್. ಆಕಾಶ ಗಾಢವಾಗಲೆಂದು ಕಿತ್ತಳೆ ಫಿಲ್ಟರ್ ಹಾಕಿದರೆ ಎರಡು ಸ್ಟಾಪ್ ಹೋಗಿ 1/25. ಜೋಗಿಮಟ್ಟಿ ಕಡೆಯ ಗಾಳಿಗೆ ಹಗುರ ಟ್ರೈಪಾಡ್ ಕೂಡ ಅಲುಗುತ್ತದೆ, ಸಣ್ಣ ಗ್ರೇನಿನಿಂದ ಗಳಿಸಿದ್ದು ಅಲ್ಲೇ ನಷ್ಟ. ಇನ್ನೊಂದು ಮಾತು: ತೆಗೆದ ಚಿತ್ರ ಇದರಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಮೂರು ತಿಂಗಳೊಳಗೆ ಡೆವಲಪ್ ಮಾಡಿ ಎಂದು ಇಲ್ಫೋರ್ಡ್ ತಾನೇ ಹೇಳುತ್ತದೆ. ಅಂಚಿನ ಅಕ್ಷರಗಳು ಮಸುಕಾಗಿ ಬರುವುದೂ ಇದೇ ಕಾರಣಕ್ಕೆ, ಅದನ್ನು ನೋಡಿ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಕೆಟ್ಟಿದೆ ಎಂದು ಚೆಲ್ಲಬೇಡಿ. ಮಳೆಗಾಲದ ಮೋಡದ ದಿನ ಮಾತ್ರ ಕತೆಯೇ ಬೇರೆ. ಒದ್ದೆ ಬಂಡೆಗೆ ಪ್ಯಾನ್ ಎಫ್ ಕೊಡುವ ಮಿಂಚನ್ನು ಉಳಿದ ಮೂರೂ ಕೊಡಲಿಲ್ಲ.

ಟಿ-ಮ್ಯಾಕ್ಸ್ ತದ್ವಿರುದ್ಧ. ನೆರಳಿನಲ್ಲಿ ಧಾರಾಳ, ಕಲ್ಲುಹೂವಿನ ಒಂದೊಂದು ಅಂಚೂ ಎಣಿಸಬಹುದು. ಆದರೆ ಶಿಸ್ತು ಕೇಳುತ್ತದೆ. ಸಮಯ, ಉಷ್ಣತೆ, ಡೆವಲಪಿಂಗ್ ಟ್ಯಾಂಕ್ ಅಲುಗಿಸುವ ರೀತಿ, ಇವುಗಳಲ್ಲಿ ಯಾವುದು ಹೆಚ್ಚಾದರೂ ನೆಗೆಟಿವ್‌ನಲ್ಲಿ ಬಿಸಿಲಿನ ಭಾಗ ದಟ್ಟವಾಗುತ್ತಲೇ ಹೋಗುತ್ತದೆ, ಸ್ಕ್ಯಾನರ್‌ಗೂ ದಾಟದಷ್ಟು. ಡಿ-76 ಡೆವಲಪರನ್ನು 1+1 (ಸಮಪಾಲು ನೀರು) ಬೆರೆಸಿ 20 ಡಿಗ್ರಿಯಲ್ಲಿ ಒಂಬತ್ತೂವರೆ ನಿಮಿಷ. ಸಣ್ಣ ಟ್ಯಾಂಕಿನಲ್ಲಿ ಒಂದು ರೋಲಿಗೆ 240 ಮಿ.ಲೀ. ಅಷ್ಟೇ ಹಾಕುವುದಾದರೆ ಸಮಯ ಶೇ. 10 ಹೆಚ್ಚಿಸಿ. ತೊಳೆದ ಮೇಲೂ ಗುಲಾಬಿ ಛಾಯೆ ಉಳಿದಿದ್ದರೆ ಫಿಕ್ಸರ್ (ಉಳಿದ ಬೆಳ್ಳಿಯ ಹರಳನ್ನು ಕರಗಿಸಿ ಚಿತ್ರ ನಿಲ್ಲಿಸುವ ದ್ರಾವಣ) ಸೋತಿದೆ, ಇಲ್ಲವೇ ಸಮಯ ಸಾಲದು. ಮೊದಲೇ ಫಿಲ್ಮಿನ ತುದಿ ಕತ್ತರಿಸಿ ಫಿಕ್ಸರ್‌ಗೆ ಹಾಕಿ, ತಿಳಿಯಾಗಲು ಹಿಡಿದ ಸಮಯದ ಮೂರು ಪಟ್ಟು ಫಿಕ್ಸ್ ಮಾಡಿ.

ಡೆಲ್ಟಾ 100 ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ಗುಣ. ಐಡಿ-11 ಡೆವಲಪರಿನ 1+1ರಲ್ಲಿ 11 ನಿಮಿಷ, ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಮಗುಚಿ, ಆಮೇಲೆ ನಿಮಿಷಕ್ಕೊಮ್ಮೆ ನಾಲ್ಕು ಸಲ. ಅರ್ಧ ನಿಮಿಷದ ತಪ್ಪಿಗೆ ಮುನಿಸಿಕೊಳ್ಳುವುದಿಲ್ಲ. ಕೋಟೆಗೆ ಒಂದೇ ಫಿಲ್ಮ್ ಒಯ್ಯಬೇಕೆಂದರೆ ನಮ್ಮ ಆಯ್ಕೆ ಇದೇ.

ಅಕ್ರೋಸ್ 2018ರಲ್ಲಿ ನಿಂತು, 2019ರ ಕೊನೆಗೆ ಎರಡನೆಯ ಆವೃತ್ತಿಯಾಗಿ ಮರಳಿತು. ಕೆಂಪಿಗೆ ಇದರ ಕಣ್ಣು ಸ್ವಲ್ಪ ಮಂದ, ಕುಂಕುಮ ಮೆತ್ತಿದ ಕಲ್ಲು, ಕೆಮ್ಮಣ್ಣು ಒಂದಿಷ್ಟು ಕಪ್ಪಾಗಿ ಬರುತ್ತವೆ. ಕೆಂಪು ಫಿಲ್ಟರ್ ಹಾಕಿದರೆ ಮೀಟರ್ ಹೇಳಿದ್ದಕ್ಕಿಂತ ತುಸು ಹೆಚ್ಚೇ ಕೊಡಿ. ಹಗಲಿಗೆ ಇದಕ್ಕೆ ಹೆಚ್ಚು ದುಡ್ಡು ಸುರಿಯುವ ಕಾರಣ ಕಾಣಲಿಲ್ಲ. ವಾಣಿವಿಲಾಸ ಸಾಗರದ ಮುಸ್ಸಂಜೆಗೆ ಮಾತ್ರ ಇದಕ್ಕೆ ಸಾಟಿ ಇಲ್ಲ. ಬೆಳಕು ಬಿಡುವ ಹೊತ್ತು ಉದ್ದವಾದಂತೆ ಫಿಲ್ಮುಗಳ ಸ್ಪಂದನೆ ಕುಗ್ಗಿ ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಆದರೆ ಮೀಟರ್ 60 ಸೆಕೆಂಡ್ ಅಂದರೆ ಅಕ್ರೋಸ್‌ಗೆ 60 ಸೆಕೆಂಡೇ ಸಾಕು, ಎರಡು ನಿಮಿಷದವರೆಗೆ ತಿದ್ದುಪಡಿ ಬೇಡ. ಮೀಟರ್ ಅದೇ 60 ಸೆಕೆಂಡ್ ಹೇಳಿದಾಗ ಡೆಲ್ಟಾ ಸುಮಾರು ಮೂರು ನಿಮಿಷ, ಪ್ಯಾನ್ ಎಫ್ ಹತ್ತಿರ ಹತ್ತಿರ ನಾಲ್ಕು ನಿಮಿಷ ಕೇಳುತ್ತವೆ.

ಇನ್ನು ನೀರು. ಏಪ್ರಿಲ್‌ನಲ್ಲಿ ದಾವಣಗೆರೆಯ ಮನೆಗಳ ಮಹಡಿ ಟ್ಯಾಂಕಿನ ನೀರು ಕೈಗೇ ಬಿಸಿ ಹತ್ತುತ್ತದೆ, 20 ಡಿಗ್ರಿಗಾಗಿ ಐಸ್ ಹಾಕುತ್ತ ಕೂರುವುದು ವ್ಯರ್ಥ. ಬೆಳಗಿನ ಜಾವದ ಸಂಪಿನ ನೀರನ್ನು ಟಬ್ಬಿನಲ್ಲಿ ತುಂಬಿ, ಒಂದೆರಡು ಐಸ್ ಪ್ಯಾಕ್ ಹಾಕಿ 24 ಡಿಗ್ರಿಗೆ ನಿಲ್ಲಿಸಿ. ಆಗ ಡೆಲ್ಟಾದ 11 ನಿಮಿಷ ಸುಮಾರು ಏಳೂವರೆ ಆಗುತ್ತದೆ. 1+1 ಬೇಕೆನ್ನುವುದು ಇದಕ್ಕೇ: ನೀರು ಬೆರೆಸದ ಐಡಿ-11ರಲ್ಲಿ ಪ್ಯಾನ್ ಎಫ್‌ಗೆ 20 ಡಿಗ್ರಿಗೇ ಆರೂವರೆ ನಿಮಿಷ, 24ರಲ್ಲಿ ಐದಕ್ಕಿಂತ ಕೆಳಗೆ ಇಳಿದು ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಡೆವಲಪರ್‌ನಿಂದ ಕೊನೆಯ ನೀರಿನವರೆಗೆ ಎಲ್ಲವೂ ಎರಡು ಡಿಗ್ರಿ ಅಂತರದೊಳಗಿರಲಿ. ಹಾರ್ಡನರ್ (ಫಿಲ್ಮಿನ ಪದರ ಗಟ್ಟಿಗೊಳಿಸುವ ರಾಸಾಯನಿಕ) ಇಲ್ಲದ ಫಿಕ್ಸರ್ ಆದರೆ ನಲ್ಲಿ ಬಿಟ್ಟು ತೊಳೆಯಬೇಕಿಲ್ಲ: ಟ್ಯಾಂಕ್ ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10, ಮತ್ತೆ 20. ಬೋರ್ ನೀರಿನ ಸುಣ್ಣ ಒಣಗಿದ ಮೇಲೆ ಬಿಳಿ ಚುಕ್ಕಿಯಾಗಿ ಕೂರುತ್ತದೆ, ಕೊನೆಯ ಅದ್ದುವಿಕೆಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ.