ಸ್ಟುಟ್‌ಗಾರ್ಟ್‌ನಲ್ಲಿ ನನ್ನ ವಕೀಲರ ವಿಮೆ: ಮೂರೂವರೆ ವರ್ಷದ ಲೆಕ್ಕ

ತಿಂಗಳಿಗೆ 31 ಯೂರೋ. 2022ರ ಮಾರ್ಚ್‌ನಿಂದ ತಪ್ಪದೆ ಕಟ್ಟುತ್ತಿದ್ದೇನೆ. ಇದುವರೆಗೆ ಕಟ್ಟಿದ್ದು 1,300 ಯೂರೋ ದಾಟಿದೆ. ಜರ್ಮನ್ನರು ಇದಕ್ಕೆ ರೆಖ್ಟ್ಸ್‌ಶುಟ್ಸ್ ಅನ್ನುತ್ತಾರೆ. ಜಗಳ ಕೋರ್ಟ್ ಮೆಟ್ಟಿಲು ಹತ್ತಿದರೆ ನಮ್ಮ ವಕೀಲರ ಫೀಸು, ಕೋರ್ಟಿನ ಫೀಸು, ಸೋತರೆ ಎದುರಿನವರ ವಕೀಲರ ಫೀಸು, ಎಲ್ಲವನ್ನೂ ವಿಮೆ ಕಂಪನಿ ಕೊಡುತ್ತದೆ. ಇಲ್ಲಿ ಸಾಮಾನ್ಯವಾಗಿ ಸೋತವರೇ ಎರಡೂ ಕಡೆಯ ಖರ್ಚು ಹೊರಬೇಕು. ಅದಕ್ಕೇ ಈ ವಿಮೆ ಇಲ್ಲಿ ಇಷ್ಟು ಮಾಮೂಲಿ.

ತುಮಕೂರಿನಲ್ಲಿ ನಮ್ಮ ತಾತ ಹೇಳುತ್ತಿದ್ದರು, ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ. ಹೊಲದ ಬದುವಿನ ಕೇಸಲ್ಲಿ ಅವರೇ ಗೆದ್ದಿದ್ದರು, ಹಾಗಾಗಿ ಅನುಭವದ ಮಾತು. ಕೆಲಸ ಬಿಟ್ಟು ಸ್ವಂತಕ್ಕೆ ಡಿಸೈನ್ ಕೆಲಸ ಶುರು ಮಾಡಿದಾಗ ಈ ಮಾತು ತಲೆಯಲ್ಲಿ ಕೂತಿತ್ತು. ಏಜೆಂಟ್ ಬಂದು, "ಗ್ರಾಹಕರು ದುಡ್ಡು ಕೊಡದಿದ್ದರೆ ಏನು ಮಾಡುತ್ತೀರಿ?" ಅಂದ ಕೂಡಲೇ ಸಹಿ ಹಾಕಿದೆ. ಅಲ್ಲೇ ನಾನು ಯಾಮಾರಿದ್ದು.

2023ರ ಬೇಸಿಗೆಯಲ್ಲಿ ಒಬ್ಬ ಗ್ರಾಹಕ ನಿಜವಾಗಿಯೂ ದುಡ್ಡು ಕೊಡಲಿಲ್ಲ. 4,200 ಯೂರೋ. ಆ್ಯಪ್ ಒಂದರ ಪರದೆಗಳನ್ನೆಲ್ಲ ಮಾಡಿಕೊಟ್ಟಿದ್ದೆ. ಅವರು ಅದನ್ನು ಬಳಸುತ್ತಲೂ ಇದ್ದರು. ಎರಡು ಸಲ ಜ್ಞಾಪಿಸಿದೆ, ಉತ್ತರ ಇಲ್ಲ. ಸರಿ, ವಿಮೆ ಇದೆಯಲ್ಲ ಅಂತ ಧೈರ್ಯವಾಗಿ ಫೈಲ್ ಕಳಿಸಿದೆ. ಒಂಬತ್ತು ದಿನದ ಮೇಲೆ ಒಂದು ಪುಟದ ಪತ್ರ ಬಂತು. ಸ್ವಂತ ಉದ್ಯೋಗದ ಕರಾರಿನ ಜಗಳ ನಿಮ್ಮ ಪಾಲಿಸಿಯಲ್ಲಿ ಸೇರಿಲ್ಲ, ಧನ್ಯವಾದ.

ಎರಡು ಸಲ ಓದಿದೆ. ಆಮೇಲೆ ಪಾಲಿಸಿ ತೆಗೆದೆ. ಅವರು ಹೇಳಿದ್ದು ಸರಿ! ಇಲ್ಲಿ ಸ್ವಂತ ಉದ್ಯೋಗದವರ ಮೂಲ ಪಾಲಿಸಿಯಲ್ಲಿ ನಷ್ಟ ಪರಿಹಾರ ಕೇಳುವುದು, ನೌಕರರ ಜೊತೆಗಿನ ತಕರಾರು, ಕೋರ್ಟಿಗೆ ಹೋದ ತೆರಿಗೆ ವ್ಯಾಜ್ಯ, ಕ್ರಿಮಿನಲ್ ಕೇಸ್, ಇಂಥವು ಇರುತ್ತವೆ. ಗ್ರಾಹಕನ ಜೊತೆಗಿನ ಕರಾರು ಇರುವುದಿಲ್ಲ. ಅದು ಬೇಕಿದ್ದರೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಅಂದರೆ, ಯಾವ ಭಯ ತೋರಿಸಿ ಮಾರಿದರೋ ಆ ಭಯಕ್ಕೇ ಇದರಲ್ಲಿ ಔಷಧಿ ಇರಲಿಲ್ಲ. ಸೇರಿಸಲು ಎಷ್ಟಾಗುತ್ತದೆ ಅಂತ ಕೇಳಿದೆ. ಕಂತು ಒಟ್ಟು 62 ಯೂರೋ ಆಗುತ್ತದೆ, ಪ್ರತಿ ಕೇಸಿಗೆ ಮೊದಲ 500 ಯೂರೋ ನಿಮ್ಮದು, ಅದೂ ಕೋರ್ಟಿಗೆ ಹೋದರೆ ಮಾತ್ರ, ವಕೀಲರ ನೋಟಿಸಿನ ಖರ್ಚು ಕೊಡುವುದಿಲ್ಲ ಎಂದರು. ಮೇಲೆ ಮೂರು ತಿಂಗಳು ಕಾಯಬೇಕು. ಆಗಲೇ ಶುರುವಾಗಿದ್ದ ಜಗಳಕ್ಕೆ ಅದು ಹೇಗೂ ಅನ್ವಯ ಆಗುವುದಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ವಿಮೆ ಕೊಡುವವರು ಯಾರಿದ್ದಾರೆ, ಅಲ್ವಾ. ಬೇಡ ಅಂದೆ.

ಹಾಗಾದರೆ ದುಡ್ಡು ಬಂತಾ? ಬಂತು. ವಿಮೆಯಿಂದಲ್ಲ, ಅದೇ ಕಂಪನಿಯ ಫೋನ್ ಸಲಹೆಯಿಂದ. ಪಾಲಿಸಿಯ ಜೊತೆ ಒಂದು ನಂಬರ್ ಕೊಡುತ್ತಾರೆ. ಅಲ್ಲಿ ಮಾತಾಡುವವರು ಕಾಲ್ ಸೆಂಟರ್ ಹುಡುಗರಲ್ಲ, ನಿಜವಾದ ವಕೀಲರು. ಕೇಸ್ ಪಾಲಿಸಿಯಲ್ಲಿ ಇಲ್ಲದಿದ್ದರೂ ನನ್ನ ಪ್ಲಾನಿನಲ್ಲಿ ಫೋನ್ ಸಲಹೆಗೆ ಬೇರೆ ಹಣ ಕೊಡಬೇಕಿಲ್ಲ. ಆ ಕಡೆಯ ಹೆಂಗಸು ನನ್ನ ಹರುಕು ಮುರುಕು ಜರ್ಮನ್ ಹದಿನೈದು ನಿಮಿಷ ಕೇಳಿಸಿಕೊಂಡರು. ಕೊನೆಗೆ ಹೇಳಿದರು: "ವಕೀಲರಿಗೆ ಯಾಕೆ ದುಡ್ಡು ಹಾಕುತ್ತೀರಿ? ನೀವೇ ಮಾನ್‌ಬೆಶೈಡ್ ಕಳಿಸಿ."

ಮಾನ್‌ಬೆಶೈಡ್ ಅಂದರೆ ಕೋರ್ಟಿನ ಮೂಲಕ ಹೋಗುವ ಹಣದ ಬೇಡಿಕೆ. ಆನ್‌ಲೈನಲ್ಲಿ ಫಾರ್ಮ್ ತುಂಬಬೇಕು. ತುಂಬಿದ ಮೇಲೆ ಬಾರ್‌ಕೋಡ್ ಇರುವ ಹಾಳೆ ಪ್ರಿಂಟ್ ಮಾಡಿ, ಸಹಿ ಹಾಕಿ, ಅಂಚೆಯಲ್ಲಿ ಕಳಿಸಬೇಕು. ಹೌದು, ಆನ್‌ಲೈನ್ ಫಾರ್ಮು, ಕಾಗದದ ಅಂಚೆ. ಇದು ಜರ್ಮನಿ. ಈ ಕೆಲಸಕ್ಕೆ ರಾಜ್ಯಕ್ಕೆಲ್ಲ ಒಂದೇ ಕೋರ್ಟ್, ಅದೂ ಇಲ್ಲೇ ಸ್ಟುಟ್‌ಗಾರ್ಟ್‌ನಲ್ಲಿ. 4,200ಕ್ಕೆ ಆಗ ಫೀಸು 80 ಯೂರೋ ಚಿಲ್ಲರೆ. ವಕೀಲರ ಒಂದು ನೋಟಿಸಿಗೇ 540 ಆಗುತ್ತಿತ್ತು. ನನ್ನ ಬಾಕಿ ನಿಜವೋ ಸುಳ್ಳೋ ಅಂತ ಕೋರ್ಟ್ ಈ ಹಂತದಲ್ಲಿ ನೋಡುವುದೇ ಇಲ್ಲ. ಆದರೆ ಕೋರ್ಟಿನ ಹಳದಿ ಲಕೋಟೆ ಬಾಕಿದಾರನ ಮನೆ ಬಾಗಿಲಿಗೆ ಹೋಗುತ್ತದೆ. ಎರಡು ವಾರದೊಳಗೆ ಒಪ್ಪಲ್ಲ ಅನ್ನದಿದ್ದರೆ ಮುಂದಿನ ಆದೇಶ ಪಡೆದು ಜಪ್ತಿಗೇ ಹೋಗಬಹುದು. ಇಲ್ಲಿ ಹಳದಿ ಲಕೋಟೆ ಕಂಡರೆ ಎಂಥವರಿಗೂ ಹೊಟ್ಟೆ ತೊಳಸುತ್ತದೆ. ಹನ್ನೊಂದನೇ ದಿನ ದುಡ್ಡು ಬಂತು. ಕೋರ್ಟ್ ಫೀಸು, ತಡಕ್ಕೆ ಕಾನೂನು ಕೊಡುವ 40 ಯೂರೋ, 12%ಕ್ಕೂ ಹೆಚ್ಚಿನ ಬಡ್ಡಿ, ಎಲ್ಲ ಸೇರಿ.

ಪೀಣ್ಯದಲ್ಲಿ ಸಣ್ಣ ಟೂಲಿಂಗ್ ವರ್ಕ್‌ಶಾಪ್ ಇಟ್ಟಿರುವ ತಮ್ಮನಿಗೆ ಇದನ್ನು ಹೇಳಿದೆ. "ವಕೀಲರಿಗೂ ವಿಮೆನಾ?" ಅಂತ ನಕ್ಕ. ಆಮೇಲೆ ಗಂಭೀರವಾದ. ಅವನಿಗೆ 2006ರ ಎಂಎಸ್‌ಎಂಇ ಕಾಯ್ದೆ, ಅಂದರೆ ಸಣ್ಣ ಉದ್ದಿಮೆಗಳ ಕಾಯ್ದೆ ಇದೆ. ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಕಾಗದದಲ್ಲಿ ನೋಡಿದರೆ ಅವನ ಕಾನೂನು ನನ್ನದಕ್ಕಿಂತ ಖಾರ. "ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಯಾರು ಕೊಡ್ತಾರೆ?" ಅಂದ. ಅದಕ್ಕೆ ಇಲ್ಲೂ ವಿಮೆ ಇಲ್ಲ.

ವಿಮೆ ನಿಜವಾಗಿ ಕೈ ಹಿಡಿದದ್ದು ಈ ವರ್ಷ. ಸ್ಟುಟ್‌ಗಾರ್ಟ್‌ನದೇ ಒಂದು ಭಾಗವಾದ ಬಾಡ್ ಕಾನ್‌ಸ್ಟಾಟ್‌ನಲ್ಲಿ ಬಾಡಿಗೆಗಿದ್ದ ಸ್ಟುಡಿಯೋ ಕೋಣೆ ಬಿಟ್ಟೆ. ಮಾಲೀಕ 1,260 ಯೂರೋ ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಗೋಡೆಗೆ ಮೊಳೆ ಹೊಡೆದಿದ್ದೀರಿ, ನೆಲಕ್ಕೆ ಗೀರು ಬಿದ್ದಿದೆ ಅಂತ ಪಟ್ಟಿ ಕೊಟ್ಟ. ಕೆಲಸದ ಜಾಗದ ಬಾಡಿಗೆ ತಕರಾರು ನನ್ನ ಪಾಲಿಸಿಯಲ್ಲಿತ್ತು. ಆದರೂ ಮೊದಲ ಹಂತದಲ್ಲಿ ಒಂದು ತಮಾಷೆ ಆಯಿತು. ವಕೀಲರ ನೋಟಿಸಿಗೆ 220 ಯೂರೋ. ನಾನು ಕೊಡಬೇಕಾದ ಸ್ವಂತ ಪಾಲು 250. ಅಂದರೆ ವಿಮೆ ಕೊಟ್ಟದ್ದು ಸೊನ್ನೆ. ಸಣ್ಣ ಜಗಳಗಳನ್ನೆಲ್ಲ ಈ 250 ನುಂಗಿಬಿಡುತ್ತದೆ, ಲೆಕ್ಕ ಹಾಕಿಟ್ಟುಕೊಳ್ಳಿ.

ಮಾಲೀಕ ಬಗ್ಗಲಿಲ್ಲ. ಕೋರ್ಟಿಗೆ ಹೋದರೆ, ಸೋತರೆ ನನ್ನ ತಲೆಗೆ ಸುಮಾರು 1,100 ಯೂರೋ ಬರುತ್ತಿತ್ತು. 1,260ಕ್ಕಾಗಿ 1,100 ಪಣಕ್ಕಿಡುವವರು ಯಾರು? ಮಾಲೀಕನ ಲೆಕ್ಕವೂ ಅದೇ ಇತ್ತು ಅನಿಸುತ್ತದೆ. ಆದರೆ ವಕೀಲರು ವಿಮೆಯವರಿಂದ ಎರಡೇ ದಿನದಲ್ಲಿ ಒಪ್ಪಿಗೆ ಪತ್ರ ತರಿಸಿದರು, ಕೇಸ್ ಹಾಕಿದರು. ವಿಚಾರಣೆಗೆ ಮುಂಚೆಯೇ ಪೂರ್ತಿ ಹಣ ಬಂತು, ಖರ್ಚೂ ಅವನೇ ಕೊಟ್ಟ. ನನ್ನ 250 ಕೂಡ ವಾಪಸ್ ಬಂತು. ಎದುರಿನವರಿಂದ ವಸೂಲಾದ ಖರ್ಚಿನಲ್ಲಿ ಮೊದಲ ಹಕ್ಕು ನಮ್ಮ ಪಾಲಿಗೆ ಅಂತೆ. ಇದನ್ನು ವಿಮೆಯವರು ಹೇಳಲಿಲ್ಲ, ವಕೀಲರು ಹೇಳಿದರು. ಆ ವಕೀಲರೂ ವಿಮೆಯವರು ಹೇಳಿದವರಲ್ಲ. ವಿಮೆಯವರು ತಮ್ಮ ಪಟ್ಟಿಯ ವಕೀಲರ ಹೆಸರು ಮುಂದೆ ಮಾಡುತ್ತಾರೆ, ಒಪ್ಪಿದರೆ ಸ್ವಂತ ಪಾಲು ಕಮ್ಮಿ ಅಂತ ಆಸೆ ತೋರಿಸುತ್ತಾರೆ. ಆದರೆ ಕೋರ್ಟಿಗೆ ನಮಗೆ ಬೇಕಾದ ವಕೀಲರನ್ನು ಆರಿಸುವ ಹಕ್ಕು ಇಲ್ಲಿ ಕಾನೂನಲ್ಲೇ ಇದೆ.

ನನ್ನಂಥ ಡಿಸೈನರ್‌ಗಳಿಗೆ ಇನ್ನೊಂದು ಮಾತು. ಫೋಟೋ, ಅಕ್ಷರ ವಿನ್ಯಾಸ, ಲೋಗೋ ಕದ್ದಿದ್ದೀರಿ ಅಂತ ಬರುವ ನೋಟಿಸುಗಳೇ ನಮಗೆ ಜಾಸ್ತಿ ಭಯ. ಕಾಪಿರೈಟ್ ಜಗಳವನ್ನು ಮಾಮೂಲಿ ಪಾಲಿಸಿಗಳು ಹೊರಗಿಡುತ್ತವೆ. ನನ್ನದರಲ್ಲೂ ಇಲ್ಲ. ಅಲ್ಲದೆ ಒಂದು ವರ್ಷದಲ್ಲಿ ಎರಡು ಕೇಸಿಗೆ ಅವರು ಒಪ್ಪಿದರೆ, ಆಮೇಲೆ ನಿಮ್ಮನ್ನೇ ಕೈಬಿಡಬಹುದು. ಬೇರೆ ಕಂಪನಿಗೆ ಹೋದರೆ ಹಳೇ ಕೇಸುಗಳ ಬಗ್ಗೆ ಕೇಳುತ್ತಾರೆ. ಹಾಗಾಗಿ ಸುಮ್ನೆ ಚಿಕ್ಕಪುಟ್ಟದಕ್ಕೆಲ್ಲ ಫೈಲ್ ಕಳಿಸಬೇಡಿ, ಮೊದಲು ಫೋನ್ ಮಾಡಿ.

ಅಂಕ ಕೊಡುವುದಾದರೆ, ಫೋನ್ ಸಲಹೆಗೆ 5ಕ್ಕೆ 5. ಕೋರ್ಟಿನ ಖರ್ಚಿಗೆ 4. ಮಾರಿದ ರೀತಿಗೆ 1, ಅದೂ ಏಜೆಂಟ್ ತಂದ ಕೇಕ್ ಚೆನ್ನಾಗಿತ್ತು ಅಂತ. ಸದ್ಯಕ್ಕೆ ಮುಂದುವರಿಸುತ್ತಿದ್ದೇನೆ. ಹೊಸ ಸ್ಟುಡಿಯೋದ ಮಾಲೀಕ ಕೀ ಕೊಡುವಾಗಲೇ ನೆಲದ ಗೀರುಗಳ ಫೋಟೋ ತೆಗೆದುಕೊಳ್ಳಿ ಅಂದ. ನಲವತ್ತಮೂರು ತೆಗೆದಿದ್ದೇನೆ.