14 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿಗೆ ಸ್ಕೇಲಿಂಗ್ (ಅಕ್ಷರ, ಐಕಾನ್ ಎಲ್ಲಾ ಎಷ್ಟು ದೊಡ್ಡದಾಗಿ ಕಾಣ್ಬೇಕು ಅನ್ನೋ ವಿಂಡೋಸ್ ಸೆಟ್ಟಿಂಗ್) 125% ಇಡೋದಾ, 150% ಇಡೋದಾ?

150% ಇಟ್ರೆ ಅಕ್ಷರ ದೊಡ್ಡದಾಗಿ ಚೆನ್ನಾಗೇ ಕಾಣುತ್ತೆ, ಅದ್ರಲ್ಲೂ ಕನ್ನಡದ ಒತ್ತಕ್ಷರ ಕಣ್ಣು ಕಿರಿದು ಮಾಡ್ದೆ ಓದಬಹುದು. ಆದ್ರೆ ಜಾಗದ ಲೆಕ್ಕ ನೋಡಿ, 1920×1080 ಪಿಕ್ಸೆಲ್ ಸ್ಕ್ರೀನು (ಒಂದೂವರೆಯಿಂದ ಭಾಗಿಸಿದ್ರೆ) ಆ್ಯಪ್‌ಗಳ ಪಾಲಿಗೆ 1280×720 ಆಗೋಗುತ್ತೆ, ಅದ್ರಲ್ಲಿ ವಿಂಡೋಸ್ 11ರ ಟಾಸ್ಕ್‌ಬಾರ್ 48 ತಿಂದ್ರೆ ಎತ್ತರ ಉಳಿಯೋದು 672. ಯಾರೋ 700 ಎತ್ತರ ಅಂತ ಫಿಕ್ಸ್ ಮಾಡಿ ಬರೆದ ಸೆಟ್ಟಿಂಗ್ಸ್ ವಿಂಡೋ ತೆಗೆದ್ರೆ (ಅದೂ ಸ್ಕೇಲ್ ಜೊತೆ ಬೆಳೆಯುತ್ತಲ್ಲ) ಓಕೆ, ಕ್ಯಾನ್ಸಲ್ ಬಟನ್ ಎರಡೂ ಟಾಸ್ಕ್‌ಬಾರ್ ಹಿಂದೆ ಸಿಕ್ಕಾಕೊಳ್ತವೆ, ಸೈಜ್ ಎಳೆದು ಚಿಕ್ಕದು ಮಾಡೋಕೂ ಆಗಲ್ಲ.

125%ನಲ್ಲಿ ಅದೇ ಸ್ಕ್ರೀನು 1536×864, ಟಾಸ್ಕ್‌ಬಾರ್ ಕಳೆದ್ರೂ 816 ಸಿಗುತ್ತೆ, ಆ ವಿಂಡೋ ಆರಾಮಾಗಿ ಕೂರುತ್ತೆ. ಎರಡು ವಿಂಡೋ ಅಕ್ಕಪಕ್ಕ ಇಟ್ಕೊಂಡು ಕೆಲ್ಸ ಮಾಡೋರಿಗೆ ತಲಾ 768 ಅಗಲ, 150% ಆದ್ರೆ ಬರೀ 640, ಎಷ್ಟೋ ಸೈಟುಗಳು ಮೊಬೈಲ್ ಲೇಔಟಿಗೆ ಇಳಿದುಬಿಡ್ತವೆ.

ಬರೀ ಓದೋದು, ವಿಡಿಯೋ ನೋಡೋದು ಅಂದ್ರೆ 150 ಇರ್ಲಿ ಬಿಡಿ. ಎಕ್ಸೆಲ್, ಕೋಡಿಂಗ್ ಅಂದ್ರೆ ನನ್ನ ಓಟು 125ಕ್ಕೇ, ಅಕ್ಷರ ಚಿಕ್ಕದು ಅನ್ಸಿದ್ರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಟೆಕ್ಸ್ಟ್ ಸೈಜ್ ಮಾತ್ರ ಜಾಸ್ತಿ ಮಾಡ್ಕೊಳ್ಳಿ. ಆ್ಯಪ್ ಬರೆಯೋರಾದ್ರೆ, ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗ ಎಷ್ಟು ಅಂತ ನೋಡ್ಕೊಂಡು ವಿಂಡೋ ತೆಗೀರಿ, ಒಂದು ಸ್ಕ್ರೋಲ್‌ಬಾರ್ ಆದ್ರೂ ಕೊಡಿ ಮಾರಾಯ್ರೇ.